ಟೇಪು ಅಂಟಿಸಿಕೊಂಡ ಹಳದಿ ದೀಪ

ಬಾಡಿಗೆ ಕಾರೊಂದರಲ್ಲಿ ಸ್ಟಿಯರಿಂಗ್ ತಿರುಗಿಸುವ ಮೋಟಾರಿಗೆ ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನು ಕಂಡರೆ ಆಗುತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ದೀಪ ಹೊತ್ತಿಕೊಳ್ಳುತ್ತಿತ್ತು, ಮೋಟಾರು ನಿಂತು ಸ್ಟಿಯರಿಂಗ್ ಕಲ್ಲಾಗುತ್ತಿತ್ತು.

“ಚಾಡಿಬುರುಕ! ನನ್ನ ಮಾನ ಕಳೆದೆ,” ಎಂದಿತು ಮೋಟಾರು.

“ನೋವಿದೆ ಎಂದು ಕೂಗುವುದಷ್ಟೇ ನನ್ನ ಕೆಲಸ. ತಪ್ಪು ನಿನ್ನದೆಂದು ನಾನೆಂದೂ ಹೇಳಿಲ್ಲ,” ಎಂದಿತು ದೀಪ.

ಡ್ರೈವರ್ ತಿಪ್ಪಣ್ಣ ಬ್ಯಾಟರಿಯ ವೈರು ಕಿತ್ತು ಮತ್ತೆ ಸಿಕ್ಕಿಸಿದ. ದೀಪ ಆರಿತು, ಮೋಟಾರು ಹಿಗ್ಗಿತು. ಮೊದಲ ತಿರುವಿಗೇ ದೀಪ ಮತ್ತೆ ಹೊತ್ತಿತು. ರೇಗಿದ ತಿಪ್ಪಣ್ಣ ಅದರ ಮೇಲೆ ಕಪ್ಪು ಟೇಪು ಅಂಟಿಸಿದ. ದೀಪ ಟೇಪಿನಡಿಯಲ್ಲೇ ಉರಿಯಿತು.

ಮರುದಿನ ಸ್ಟಿಯರಿಂಗ್ ತಿರುಗದೆ ಕಾರು ಚರಂಡಿಗೆ ಬೀಳುವುದರಲ್ಲಿತ್ತು. ತಿಪ್ಪಣ್ಣ ಕಾರನ್ನು ಮೆಕ್ಯಾನಿಕ್ ಜೈನಾಬಿಯ ಬಳಿಗೆ ತಂದ.

“ಮೋಟಾರು ಹೋಗಿದೆ ಅಕ್ಕಾ, ಬೇರೆ ಹಾಕಿಬಿಡಿ.”

ಗುಜರಿಯ ನೆನಪಾಗಿ ಮೋಟಾರು ಅಂಗಲಾಚಿತು, “ದೀಪವೇ, ಕೂಗು!”

“ಬಾಯಿ ಕಟ್ಟಿದ್ದಾರೆ, ಆದರೂ ಕೂಗುತ್ತಲೇ ಇದ್ದೇನೆ.”

ಜೈನಾಬಿ ಟೇಪು ಕಿತ್ತೆಸೆದಳು. ಹೆಡ್‌ಲೈಟ್ ಹಾಕಿ ಸ್ಟಿಯರಿಂಗ್ ತಿರುಗಿಸಿದಳು. ಹಳದಿ ದೀಪ ಹೊತ್ತಿದ ಕ್ಷಣವೇ ಹೆಡ್‌ಲೈಟೂ ಮಂಕಾಯಿತು.

“ಮೋಟಾರು ಗಟ್ಟಿಯಾಗೇ ಇದೆ ತಿಪ್ಪಣ್ಣ, ಪಾಪ, ಅದರ ಹೊಟ್ಟೆಗೆ ಕರೆಂಟೇ ಸಿಗ್ತಿಲ್ಲ,” ಎಂದಳು.

ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತ್ ವೈರಿನ ಬೋಲ್ಟು ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದಳು. ಸ್ಟಿಯರಿಂಗ್ ಒಂದೇ ಬೆರಳಿಗೆ ತಿರುಗಿತು!

“ದೀಪಣ್ಣಾ, ಗೆದ್ದೆವು! ನೀನೆಲ್ಲಿ, ಕಾಣುತ್ತಲೇ ಇಲ್ಲ?” ಎಂದಿತು ಮೋಟಾರು.

“ಇಲ್ಲೇ ಇದ್ದೇನೆ. ನಿನ್ನೆ ಬಾಯಿ ಮುಚ್ಚಿಸಿದ್ದರು, ಇವತ್ತು ನಾನಾಗಿಯೇ ಸುಮ್ಮನಾಗಿದ್ದೇನೆ.”