ಜಟ್ಟು ಹಾಕಿದ ಗಜ್ಜುಗದ ಬೇಲಿ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಮಧ್ಯೆ ಮಾತಾಡೋರು ಈಗಲೇ ಎದ್ದು ಹೋಗಿ. ಇಲ್ಲಾಂದ್ರೆ ನಾನೇ ಎದ್ದು ಹೋಗ್ತೇನೆ, ಆಮೇಲೆ ಕಾಲು ಹಿಡಿದ್ರೂ ಬರೋದಿಲ್ಲ. ಆಯ್ತಾ? ಹಾಂ, ಕೇಳಿ.

ಸಮುದ್ರದ ಬದಿಗೆ ಒಂದು ಕೇರಿ. ಕೇರಿಯ ಕೊನೇ ಮನೆ ಬೀರಮ್ಮಂದು. ಮನೆ ಅಂದ್ರೆ ಎಂತ, ನಾಲ್ಕು ಮಣ್ಣಿನ ಗೋಡೆ, ಮೇಲೆ ತೆಂಗಿನ ಮಡಲು, ಬಾಗಿಲಿಗೆ ಹಲಗೆ ಕೂಡ ಇಲ್ಲ, ಮಡಲಿನದ್ದೇ ಒಂದು ತಟ್ಟಿ. ಗಂಡ ತೀರಿಕೊಂಡು ವರ್ಷಗಳಾಗಿದ್ವು. ಉಳಿದವ ಒಬ್ಬನೇ ಮಗ, ಜಟ್ಟು. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲೇ ಇತ್ತು. ಕೆಟ್ಟವ ಅಲ್ಲ, ಸೋಮಾರಿ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವ. ಅದೇ ಬೀರಮ್ಮನ ಗ್ರಹಚಾರ!

ಮನೆ ಹಿಂದೆ ಮರಳು ದಿಬ್ಬ. ದಿಬ್ಬದ ತುಂಬ ಗಜ್ಜುಗದ ಮಟ್ಟಿ. ನೋಡಿದ್ದೀರಾ ಗಜ್ಜುಗ? ನೀರು ಬೇಡ, ಗೊಬ್ಬರ ಬೇಡ, ಸುಡು ಬಿಸಿಲಿದ್ರೆ ಸಾಕು, ಎದ್ದು ಹಬ್ಬಿಬಿಡ್ತದೆ. ಕೊಂಬೆಗೂ ಮುಳ್ಳು, ಎಲೆಯ ಕಡ್ಡಿಗೂ ಮುಳ್ಳು, ಕಾಯಿಗೂ ಮುಳ್ಳು. ಮುಳ್ಳು ಅಂದ್ರೆ ಕೊಕ್ಕೆ ಮುಳ್ಳು ಮಾರಾಯ್ರೇ! ಒಳಗೆ ಕೈ ಹಾಕುವಾಗ ಸುಮ್ಮನಿರ್ತದೆ, ವಾಪಸ್ಸು ತೆಗೆಯುವಾಗ ಹಿಡ್ಕೊಳ್ತದೆ.

ಜಟ್ಟುಗೆ ಅದನ್ನ ನೋಡಿದ್ರೆ ತಲೆಯಲ್ಲಿ ಒಂದೇ ಹುಳ. "ಅವ್ವೀ, ಈ ಗಜ್ಜುಗ ಇಷ್ಟು ಮುಳ್ಳು ಹೊದ್ಕೊಂಡು ಒಳಗೆ ಎಂತ ಬಚ್ಚಿಟ್ಟುಂಟು?"

"ನಿನ್ನ ಬುದ್ಧಿ ಬಚ್ಚಿಟ್ಟುಂಟು! ಹೋಗ್ ಕೆಲಸ ನೋಡು!"

ಪಾಪ, ಬೀರಮ್ಮನಿಗೆ ಗಜ್ಜುಗದ ಚಿಂತೆ ಎಲ್ಲಿ? ಅವಳ ಚಿಂತೆ ಒಂದೇ, ಮೀನು. ಮಳೆ ಹಿಡಿದ್ರೆ ದೋಣಿ ನೀರಿಗಿಳಿಯೋದಿಲ್ಲ. ತಿಂಗಳುಗಟ್ಟಲೆ ಗಂಜಿ ಜೊತೆ ಕಚ್ಚಿಕೊಳ್ಳೋಕೆ ಒಣಮೀನೇ ಗತಿ. ಹೋದ ವರ್ಷ ಅವಳು ಒಣಗಿಸಿದ್ದನ್ನೆಲ್ಲ ಕೇರಿಯ ನಾಯಿ ಕರಿಯ ಮುಗಿಸಿದ್ದ. ಮಳೆಗಾಲ ಪೂರ್ತಿ ತಾಯಿ ಮಗ ಉಪ್ಪು ನೆಕ್ಕಿ ಗಂಜಿ ಕುಡಿದಿದ್ರು. ಈ ಸಲ ಬೀರಮ್ಮ ಆಣೆ ಹಾಕಿದ್ಲು, ಒಂದು ಬಾಲ ಕೂಡ ಆ ಕರಿಯನ ಬಾಯಿಗೆ ಬೀಳಬಾರದು!

ಅದಕ್ಕೇ ಕರೆದ್ಲು. "ಜಟ್ಟೂ, ದಿಬ್ಬಕ್ಕೆ ಹೋಗಿ ಗಜ್ಜುಗದ ಮುಳ್ಳು ಕಡ್ಕೊಂಡು ಬಾ. ಮೀನಿನ ಚಾಪೆ ಸುತ್ತ ಹಾಕುವ."

ಹೋದ. ಕಡಿದ. ಎರಡೂ ತೋಳಲ್ಲಿ ತಬ್ಬಿ ಎತ್ತಿದ, ತಲೆ ಮೇಲೆ ಹೊತ್ತ, ಬಂದ. ಅಯ್ಯಯ್ಯೋ! ಎದೆಯಲ್ಲಿ ಗೀರು, ಬೆನ್ನಲ್ಲಿ ಗೀರು, ಕಿವಿಯಲ್ಲಿ ಮುಳ್ಳು, ಮೂಗಿನ ತುದಿಯಲ್ಲಿ ಒಂದು ಎಲೆ!

"ಏ ಜಟ್ಟೂ, ಇದೆಂತದೋ ಅವತಾರ!"

"ಮುಳ್ಳು ತಾ ಅಂದ್ಯಲ್ಲ ಅವ್ವೀ. ತಂದೆ. ದಾರಿಯಲ್ಲಿ ಒಂದೂ ಬೀಳ್ಲಿಲ್ಲ ನೋಡು, ಎಲ್ಲ ಮೈಗೇ ಹಿಡ್ಕೊಂಡುಂಟು!"

ಬೀರಮ್ಮ ಹಣೆ ಹಣೆ ಬಡ್ಕೊಂಡು ಸಂಜೆವರೆಗೆ ಮುಳ್ಳು ಕಿತ್ತಳು. ಒಂದು ಮುಳ್ಳು, ಒಂದು ಬೈಗುಳ. ಒಂದು ಮುಳ್ಳು, ಒಂದು ಬೈಗುಳ. ಕೊನೆಗೆ ಹೇಳಿದ್ಲು. "ಮುಳ್ಳನ್ನ ಯಾರಾದ್ರೂ ಹೊರ್ತಾರೇನೋ ಪೆದ್ದೇ? ಹಗ್ಗ ಕಟ್ಬೇಕು, ನೆಲದ ಮೇಲೆ ದರದರ ಎಳ್ಕೊಂಡು ಬರ್ಬೇಕು!"

"ಆಯ್ತವ್ವೀ. ಹಗ್ಗ ಕಟ್ತೇನೆ, ದರದರ ಎಳೀತೇನೆ."

ಮಾರನೇ ದಿನ ಮೀನಿಗೆ ಉಪ್ಪು ಸಾಲಲಿಲ್ಲ. "ಜಟ್ಟೂ, ಉಪ್ಪಿನಾಗರಕ್ಕೆ ಹೋಗು. ಒಂದು ಚೀಲ ಉಪ್ಪು ತಗೊಂಡು ಬಾ."

ಹೋದ. ಚೀಲ ತಗೊಂಡ. ಹಗ್ಗ ಕಟ್ಟಿದ! ಉಪ್ಪಿನಾಗರದಿಂದ ಮನೆವರೆಗೆ ದರದರ, ದರದರ. ಅದೂ ಯಾವ ದಾರಿ? ದಿಬ್ಬದ ದಾರಿ! ಗಜ್ಜುಗದ ಮಟ್ಟಿಗೆ ಚೀಲ ಸಿಕ್ಕಿತು, ಪರ್ ಅಂತ ಹರೀತು. ಹಿಂದೆ ಬಿಳೀ ಗೆರೆ, ಮುಂದೆ ಜಟ್ಟು. ಚೀಲ ಹಗುರ ಆದಷ್ಟೂ ಅವನಿಗೆ ಖುಷಿ. ಆಹಾ, ಎಳೆಯೋದು ಎಷ್ಟು ಸುಲಭ, ಅವ್ವಿ ಎಷ್ಟು ಜಾಣೆ!

"ಉಪ್ಪೆಲ್ಲೋ?"

"ಚೀಲದಲ್ಲಿ ಉಂಟವ್ವೀ."

"ಚೀಲದಲ್ಲಿ ಮುಳ್ಳು ಉಂಟು! ಉಪ್ಪೆಲ್ಲೋ?"

ಜಟ್ಟು ಚೀಲದೊಳಗೆ ತಲೆ ಹಾಕಿ ನೋಡಿದ. ತಳದ ತೂತಿನಿಂದ ಸಮುದ್ರ ಕಾಣಿಸಿತು. "ಅವ್ವೀ, ವಾಪಸ್ಸು ಸಮುದ್ರಕ್ಕೇ ಹೋಯ್ತೇನೋ."

"ಅಯ್ಯೋ ನನ್ನ ಕರ್ಮವೇ! ಅಂಥದ್ದನ್ನ ಎಳೀತಾರೇನೋ? ತಲೆ ಮೇಲೆ ಹೊತ್ಕೋಬೇಕು! ದಾರಿಯಲ್ಲಿ ಎಲ್ಲೂ ಇಳಿಸ್ಬಾರದು! ನಮ್ಮ ಜಗಲಿಗೆ ಬಂದ ಮೇಲೇ ಇಳಿಸ್ಬೇಕು!"

"ಆಯ್ತವ್ವೀ. ತಲೆ ಮೇಲೆ ಹೊರ್ತೇನೆ, ಎಲ್ಲೂ ಇಳಿಸೋದಿಲ್ಲ."

ನಗ್ತೀರಾ? ನಗಿ, ನಗಿ. ನಿಮ್ಮ ಮನೆಯಲ್ಲಿ ನಡೆದಿದ್ರೆ ಗೊತ್ತಾಗ್ತಿತ್ತು.

ಉಪ್ಪು ಹೇಗೋ ಹೊಂದಿಸಿದ್ಲು ಬೀರಮ್ಮ. ಮೀನು ಬಿಡಿಸೋಕೆ ಒಂದು ಕೈ ಜೊತೆ ಬೇಕಿತ್ತು. ಹೊಳೆಯ ಆಚೆ ಅವಳ ಅಕ್ಕ, ಹೊನ್ನಮ್ಮ. ದೊಡ್ಡ ಶರೀರ, ಮಂಡಿ ನೋವು. "ಜಟ್ಟೂ, ದೊಡ್ಡವ್ವನ್ನ ಮೆಲ್ಲಗೆ ಕರ್ಕೊಂಡು ಬಾ."

ಹೋದ. ದೊಡ್ಡವ್ವ ಎಲೆ ಅಡಿಕೆ ಬಾಯಿಗೆ ಹಾಕ್ತಿದ್ರು. ಅನಾಮತ್ತು ಎತ್ತಿದ! ತಲೆ ಮೇಲೆ ಕೂರಿಸಿದ! ನಡೆದ!

"ಏ ಜಟ್ಟೂ, ಇಳಿಸೋ! ಬೀಳ್ತೇನೋ!"

"ದಾರಿಯಲ್ಲಿ ಇಳಿಸ್ಬಾರದು ದೊಡ್ಡವ್ವ."

"ನೀರಾದ್ರೂ ಕುಡೀತೇನೆ, ಇಳಿಸೋ!"

"ಜಗಲಿಗೆ ಬಂದ ಮೇಲೇ ದೊಡ್ಡವ್ವ."

ದೋಣಿಯಲ್ಲೂ ಇಳಿಸಲಿಲ್ಲ. ದೋಣಿ ಒಂದು ಕಡೆ ವಾಲಿ, ಅಂಬಿಗ ದೇವರ ಹೆಸರೆಲ್ಲ ಹೇಳಿ ಮುಗಿಸಿದ. ಅಂತೂ ಬಂದು ಜಗಲಿಯ ಮೇಲೆ ಇಳಿಸಿದ. ಜಗಲಿಗೆ ನೆರಳಿಲ್ಲ, ಬಿರು ಬಿಸಿಲು. ಬೀರಮ್ಮ ಬಾವಿಗೆ ಹೋಗಿದ್ಲು. ಜಟ್ಟು ಏನು ಮಾಡಿದ? ದೊಡ್ಡವ್ವನ್ನ ಬಿಸಿಲಲ್ಲೇ ಬಿಟ್ಟು ದಿಬ್ಬಕ್ಕೆ ಹೋದ! ಗಜ್ಜುಗದ ಹೊಟ್ಟೆಯಲ್ಲಿ ಎಂತ ಉಂಟು ಅಂತ ನೋಡೋಕೆ!

ಕಲ್ಲಲ್ಲಿ ಜಜ್ಜಿ ಜಜ್ಜಿ ಒಂದು ಕಾಯಿ ಒಡೆದ. ಒಳಗೆ ಬೂದಿ ಬಣ್ಣದ ಗೋಲಿ ಹಾಗೆ ಒಂದು ಬೀಜ, ನುಣುಪು ಅಂದ್ರೆ ನುಣುಪು. ಆ ಕಡೆ ಇನ್ನೊಂದು ಬೀಜ. ಅದು ಪೊಳ್ಳು. ಅದರೊಳಗೆ ಒಂದು ಬಿಳೀ ಹುಳ, ದುಂಡಗೆ, ತಿಂದು ತೇಗಿ ಮಲಗಿತ್ತು! ಜಟ್ಟು ಬಾಯಿ ತೆರ್ಕೊಂಡು ಕೂತ. ತಿರುಗಿಸಿ ನೋಡಿದ, ಮೂಸಿ ನೋಡಿದ, ಕಿವಿ ಹತ್ರ ಹಿಡಿದು ಕೇಳಿದ. ಮನೆಗೆ ಓಡಿ ಬಂದ.

"ಅವ್ವೀ ಅವ್ವೀ! ಹೊರಗೆ ಇಷ್ಟೊಂದು ಮುಳ್ಳು! ಈ ಹುಳ ಹೆಂಗೆ ಒಳಗೆ ಬಂತು?"

ಬೀರಮ್ಮ ಅಕ್ಕನ ತಲೆಗೆ ತಣ್ಣೀರು ತಟ್ಟುತ್ತಿದ್ಲು. ಸಿಟ್ಟು ನೆತ್ತಿಗೇರಿತ್ತು. "ಮುಳ್ಳು ಬಲಿಯೋಕೆ ಮುಂಚೆ ಹೊಕ್ಕಿರ್ತದೆ! ಆಮೇಲೆ ಎಷ್ಟು ಮುಳ್ಳಿದ್ರೆ ಎಂತ? ಹುಳದ ಮಾತು ಬಿಡು! ದೊಡ್ಡವ್ವನ್ನ ಬಿಸಿಲಲ್ಲಿ ಬಿಟ್ಟು ಹೋಗ್ತಾರೇನೋ? ಬಾಗಿಲಿಗೆ ಬಂದ ಜೀವವನ್ನ ಮೊದಲು ಒಳಗೆ ಕೂರಿಸ್ಬೇಕು! ಆಮೇಲೆ ಉಳಿದ ಕೆಲಸ!"

"ಆಯ್ತವ್ವೀ. ಮೊದಲು ಒಳಗೆ ಕೂರಿಸ್ತೇನೆ, ಆಮೇಲೆ ಕೆಲಸ."

ಮರುದಿನ ಅಕ್ಕ ತಂಗಿ ಇಬ್ಬರೂ ಮೀನಿನ ಚಾಪೆ ನಡುವೆ ಕೂತು ಬಂಗಡೆ ಮಗುಚ್ತಿದ್ರು. ಬಂಗಡೆಗಿಂತ ಜಾಸ್ತಿ ಮಾತೇ ಮಗುಚ್ತಿದ್ರು ಅನ್ನಿ. ಕರಿಯ ದೂರದಲ್ಲಿ ಕೂತು ಜೊಲ್ಲು ಸುರಿಸ್ತಿದ್ದ. ಬೀರಮ್ಮ ಕೂತಲ್ಲಿಂದಲೇ ಕೂಗಿದ್ಲು. "ಜಟ್ಟೂ, ಸುತ್ತ ಮುಳ್ಳು ಹಾಕು! ಒಂದು ಬೆರಳು ಹೋಗುವಷ್ಟೂ ಸಂದಿ ಬಿಡಬೇಡ!"

ಹಾಕಿದ. ಹಗ್ಗ ಕಟ್ಟಿ ಎಳೆದು ತಂದೇ ಹಾಕಿದ, ಅದೊಂದು ಸರಿಯಾಗಿ ನೆನಪಿತ್ತು. ಸೊಂಟದೆತ್ತರ, ಎದೆಯೆತ್ತರ, ಸುತ್ತ. ಊಟದ ಹೊತ್ತಿಗೆ ಅಕ್ಕ ತಂಗಿ ಎದ್ದು ನೋಡ್ತಾರೆ, ಆ ಕಡೆ ಮುಳ್ಳು, ಈ ಕಡೆ ಮುಳ್ಳು, ಹೊರಗೆ ಜಟ್ಟು ಕೈ ಕಟ್ಕೊಂಡು ನಿಂತಿದಾನೆ!

"ಏ ಪೆದ್ದು ಮುಂಡೇದೇ! ನಮ್ಮನ್ನ ಒಳಗಿಟ್ಟು ಬೇಲಿ ಹಾಕಿದ್ಯೇನೋ!"

"ನೀನೇ ಹೇಳಿದ್ದು ಅವ್ವೀ! ಮೊದಲು ದೊಡ್ಡವ್ವನ್ನ ಒಳಗೆ ಕೂರಿಸು, ಆಮೇಲೆ ಕೆಲಸ ಅಂತ. ಅವರು ಕೂತೇ ಇದ್ರು!"

ಕವೆಗೋಲಲ್ಲಿ ಮುಳ್ಳು ಸರಿಸಿ ಹೊರಗೆ ಬರುವಷ್ಟರಲ್ಲಿ ದೊಡ್ಡವ್ವನ ಸೀರೆ ಮೂರು ಕಡೆ ಹರೀತು. ದೊಡ್ಡವ್ವ ಕಣ್ಣಲ್ಲಿ ನೀರು ಹಾಕಿದ್ರು. "ಬೀರಾ, ನನ್ನನ್ನ ಮನೆಗೆ ಬಿಟ್ಟು ಬಾ. ಈ ಮಹಾರಾಯ ಬೇಡ, ನೀನೇ ಬಿಟ್ಟು ಬಾ."

ಬೀರಮ್ಮ ಮಗನ ಕಿವಿ ಹಿಂಡಿದ್ಲು. "ಬೇಲಿ ಮುಚ್ಚೋಕೆ ಮುಂಚೆ ಒಳಗೆ ಮನುಷ್ಯರು ಇದಾರಾ ಅಂತ ನೋಡ್ಬೇಕು! ಒಂದು ಸಲ ಅಲ್ಲ, ಮೂರು ಸಲ ನೋಡ್ಬೇಕು! ಮನುಷ್ಯರೆಲ್ಲ ಹೊರಗೆ ಬಂದ ಮೇಲೇ ಮುಚ್ಬೇಕು!"

"ಆಯ್ತವ್ವೀ. ಮೂರು ಸಲ ನೋಡ್ತೇನೆ, ಮನುಷ್ಯರೆಲ್ಲ ಹೊರಗೆ."

ನಾಲ್ಕು ದಿನ ಕಳೀತು. ಮೀನು ಗರಿಗರಿ ಒಣಗಿತ್ತು. ಬಂಗಡೆ, ತಾರ್ಲೆ, ಸಿಗಡಿ. ಇನ್ನೊಂದೇ ಬಿಸಿಲು ಕೊಟ್ಟು ಗಡಿಗೆಗೆ ತುಂಬಿದ್ರೆ ಮಳೆಗಾಲ ಗೆದ್ದ ಹಾಗೆ. ದೊಡ್ಡವ್ವನ್ನ ಬಿಟ್ಟು ಬರಲೇಬೇಕಿತ್ತು. ಬೀರಮ್ಮ ಹೊಸ್ತಿಲಲ್ಲಿ ನಿಂತು ಮಗನ ಮುಖ ಎರಡೂ ಕೈಯಲ್ಲಿ ಹಿಡ್ಕೊಂಡು ಹೇಳಿದ್ಲು. "ಕೇಳು ಮಗಾ. ಮೋಡ ಕಂಡ ಕೂಡಲೇ ಮೀನು ಒಳಗೆ ಹಾಕು. ಬಾಗಿಲಿಗೆ ಇರೋದು ಬರೀ ತಟ್ಟಿ, ಕರಿಯ ಮೂತಿಯಲ್ಲಿ ತಳ್ಳಿದ್ರೆ ಬೀಳ್ತದೆ. ಗಜ್ಜುಗದ ಮುಳ್ಳು ಜಡಿದು ಬಾಗಿಲು ಮುಚ್ಚು. ನಮ್ಮ ಮಳೆಗಾಲ ನಿನ್ನ ಕೈಯಲ್ಲುಂಟು ಮಗಾ."

"ಹೋಗ್ ಬಾ ಅವ್ವೀ. ಎಲ್ಲ ನೆನಪುಂಟು."

ಎಲ್ಲ ನೆನಪುಂಟು ಅಂದದ್ದೇ ಅವಳಿಗೆ ಹೆದರಿಕೆ!

ಅಕ್ಕನ ಮನೆ ಮುಟ್ಟಿದ್ಲೋ ಇಲ್ಲವೋ, ಪಡುವಣ ಕಪ್ಪಾಯ್ತು. ಗಾಳಿ ಬಂತು, ಗುಡುಗು ಬಂತು, ಧೋ ಅಂತ ಮಳೆ ಬಂತು. ಬೀರಮ್ಮ ಒಂದು ಲೋಟ ಬೆಲ್ಲದ ನೀರೂ ಕುಡಿಯಲಿಲ್ಲ, ಸೀರೆ ಎತ್ತಿ ಕಟ್ಟಿ ಓಡಿದ್ಲು. ಹೊಳೆ ದಾಟಿದ್ಲು, ದಿಬ್ಬ ಹತ್ತಿದ್ಲು, ಇಳಿದ್ಲು. ದಾರಿಯುದ್ದಕ್ಕೂ ಒಂದೇ ಜಪ. ದೇವ್ರೇ, ನನ್ನ ಮೀನು. ದೇವ್ರೇ, ನನ್ನ ಮೀನು.

ಅಂಗಳಕ್ಕೆ ಬಂದು ನೋಡ್ತಾಳೆ, ಚಾಪೆ ಖಾಲಿ! ಒಂದು ಸಿಗಡಿಯ ಮೀಸೆ ಕೂಡ ಇಲ್ಲ! ಬಾಗಿಲ ತುಂಬ ಗಜ್ಜುಗದ ಮುಳ್ಳು, ಮಾಡಿನವರೆಗೆ ಜಡಿದುಂಟು. ಎದುರಿಗೆ ಮಳೆಯಲ್ಲಿ ತೊಪ್ಪೆಯಾಗಿ ಜಟ್ಟು.

"ಮೀನೆಲ್ಲೋ?"

"ಒಳಗುಂಟವ್ವೀ. ಮೋಡ ಕಂಡ ಕೂಡಲೇ ಹಾಕ್ದೆ."

"ಎಳ್ಕೊಂಡು ಹೋದ್ಯಾ?"

"ಇಲ್ಲಪ್ಪ! ತಲೆ ಮೇಲೆ ಹೊತ್ತೆ. ನಡುವೆ ಎಲ್ಲೂ ಇಳಿಸ್ಲಿಲ್ಲ. ಒಂದೂ ಬೀಳ್ಲಿಲ್ಲ."

"ಮುಳ್ಳು ಹೊತ್ಯಾ?"

"ಮುಳ್ಳನ್ನ ಯಾರಾದ್ರೂ ಹೊರ್ತಾರಾ? ಹಗ್ಗ ಕಟ್ಟಿ ಎಳೆದೆ. ಬೆರಳು ಹೋಗುವಷ್ಟೂ ಸಂದಿ ಇಲ್ಲ, ನೋಡು ಬೇಕಾದ್ರೆ!"

ಬೀರಮ್ಮ ಬೆರಳು ಹಾಕಿ ನೋಡಿದ್ಲು. ಹೋಗ್ಲಿಲ್ಲ! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮಗ ಎಲ್ಲವನ್ನೂ ಸರಿಯಾಗಿ ಮಾಡಿದ್ದ. ಒದ್ದೆ ಸೆರಗಲ್ಲೇ ಅವನ ತಲೆ ಒರೆಸಿದ್ಲು. "ನನ್ನ ಬಂಗಾರ! ನನ್ನ ಜಾಣ! ಯಾರೋ ನಿನ್ನನ್ನ ಪೆದ್ದ ಅಂದವ್ರು?"

"ನೀನೇ ಅವ್ವೀ."

"ನಾನೇ ಪೆದ್ದಿ ಮಗಾ!"

ಅಷ್ಟರಲ್ಲಿ ಒಳಗಿಂದ ಏನೋ ಸದ್ದು. ಕಟುಂ. ಬೀರಮ್ಮ ಕಿವಿ ಕೊಟ್ಲು. ಕಟುಂ ಕಟುಂ.

"ಜಟ್ಟೂ, ಅದೆಂತ ಸದ್ದೋ?"

"ಕರಿಯ ಅವ್ವೀ."

"ಕರಿಯ?!"

"ಪಾಪ, ಮಳೆಗೆ ನೆಂದು ಗಡಗಡ ನಡುಗ್ತಾ ಬಾಗಿಲಿಗೆ ಬಂದ. ಬಾಗಿಲಿಗೆ ಬಂದ ಜೀವವನ್ನ ಮೊದಲು ಒಳಗೆ ಕೂರಿಸ್ಬೇಕು ಅಂದಿದ್ಯಲ್ಲ? ಕೂರಿಸ್ದೆ. ಆಮೇಲೆ ಮುಳ್ಳು ಹಾಕ್ದೆ. ಮನುಷ್ಯರು ಇದಾರಾ ಅಂತ ಮೂರು ಸಲ ನೋಡ್ದೆ ಅವ್ವೀ! ಮೂರು ಸಲಾನೂ ಕರಿಯ ಒಬ್ಬನೇ ಇದ್ದ. ಅವ ಮನುಷ್ಯ ಅಲ್ಲವಲ್ಲ!"

ಬೀರಮ್ಮ ಕೆಸರಲ್ಲೇ ಕೂತ್ಬಿಟ್ಲು. ಅಳು ಬಂತು, ಅತ್ತಳು. ನಡುವೆ ನಗು ಬಂತು, ಅದಕ್ಕೆ ಇನ್ನೂ ಜೋರಾಗಿ ಅತ್ತಳು. ಜಟ್ಟು ಮಾತ್ರ ಮುಳ್ಳಿಗೆ ಕಿವಿ ಕೊಟ್ಟು, ಕಣ್ಣರಳಿಸಿ ಕೇಳ್ತಿದ್ದ.

"ಅವ್ವೀ, ಥೇಟ್ ಆ ಹುಳದ ಹಾಗೇ ಉಂಟಲ್ಲ! ಮುಳ್ಳು ಹೊರಗೆ, ತಿನ್ನೋನು ಒಳಗೆ!"

"ಬೇಲಿ ತೆಗಿಯೋ!" ಬೀರಮ್ಮ ಹಾರಿ ಎದ್ಲು. "ಕತ್ತಿ ತಾ! ಕವೆಗೋಲು ತಾ! ಎಲ್ಲಿಟ್ಟಿದ್ದೀಯೋ?"

"ಒಳಗುಂಟವ್ವೀ. ಅವೂ ಮನುಷ್ಯ ಅಲ್ಲವಲ್ಲ."

ಕಟುಂ ಕಟುಂ ಕಟುಂ. ಅಷ್ಟು ದಿನದ ಬಿಸಿಲು, ಅಷ್ಟು ಉಪ್ಪು, ಇಡೀ ಮಳೆಗಾಲ ಒಳಗೆ ಮುಗೀತಾ ಉಂಟು. ಬೀರಮ್ಮ ಬರಿಗೈಯಲ್ಲೇ ಮುಳ್ಳು ಜಗ್ಗಿದ್ಲು, ಗಜ್ಜುಗ ಅವಳ ತೋಳು ಹಿಡ್ಕೊಂಡಿತು, ಸೆರಗು ಹಿಡ್ಕೊಂಡಿತು, ಜುಟ್ಟು ಹಿಡ್ಕೊಂಡಿತು. "ಏನಾದ್ರೂ ಮಾಡೋ ಜಟ್ಟೂ! ಹೇಗಾದ್ರೂ ಮಾಡಿ ಅವನನ್ನ ಹೊರಗೆ ಕರಿಯೋ!"

ಕರೀಬೇಕಾ? ಅಷ್ಟೇ ತಾನೇ! ಜಟ್ಟು ಮುಳ್ಳಿನ ಹತ್ರ ಬಾಯಿಟ್ಟು, ಕೈ ಅಡ್ಡ ಹಿಡಿದು, ಕೇರಿಗೆಲ್ಲ ಕೇಳೋ ಹಾಗೆ ಕೂಗಿದ.

"ಕರಿಯಾ! ಓ ಕರಿಯಾ! ಕತ್ತಿ ನಿನ್ನ ಬದಿಗೇ ಉಂಟು ಮಾರಾಯಾ! ಬೇಲಿ ಕಡ್ಕೊಂಡು ಹೊರಗೆ ಬಾ!"

ಕರಿಯ ಉತ್ತರ ಕೊಡಲಿಲ್ಲ. ಅವನ ಬಾಯಿ ತುಂಬ ಬಂಗಡೆ ಇತ್ತು.