ನೀವು ಮೊದಲು ಇಳೀರಿ

“ಗುರುಗಳೇ, ದೊಡ್ಡವರಿಗೆ ದಾರಿ ಬಿಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಇಂದುಧರ. ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ. ಕಲಿಸುವ ಗುರು ಪರ್ವತಯ್ಯ. ಹಿಂದಿನ ದಿನ ಇಬ್ಬರೂ ಬೇರೆ ಬೇರೆ ವಿಮಾನದಲ್ಲಿ ಹಾರಿ ಬಂದಿದ್ದರು. ಮೊದಲು ಇಳಿಯುವ ಸರದಿ ಇಂದುಧರನದಾಗಿತ್ತು. ಹಿಂದೆ ಬರುತ್ತಿರುವವರು ಗುರುಗಳು ಎಂದು ಅವನು ಪಕ್ಕಕ್ಕೆ ಹೊರಳಿ ಅವರನ್ನು ಮುಂದೆ ಬಿಟ್ಟಿದ್ದ. ಇಳಿದ ಮೇಲೆ ಗುರುಗಳು ಎಲ್ಲರ ಎದುರಿಗೇ ಬೈದಿದ್ದರು. ಇನ್ನೊಮ್ಮೆ ಹೀಗೆ ಮಾಡಿದರೆ ನಿನ್ನನ್ನು ಒಬ್ಬನೇ ಹಾರಲು ಬಿಡುವುದಿಲ್ಲ ಎಂದಿದ್ದರು. ಆಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

“ದಾರಿ ಬಿಡುವುದು ತಪ್ಪಲ್ಲ,” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ.”

ಒಂದು ಬಯಲು. ಅಲ್ಲಿ ಸಣ್ಣ ವಿಮಾನಗಳು ಇಳಿಯುವ ಒಂದು ರನ್‌ವೇ. ‘ನೀನು ಇಳಿ, ನೀನು ತಡಿ’ ಎಂದು ಗೋಪುರದಲ್ಲಿ ಕೂತು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಗೋಪುರವೇ ಇರಲಿಲ್ಲ. ಗಾಳಿ ಎತ್ತ ಬೀಸುತ್ತದೆ ಎಂದು ತೋರಿಸಲು ಕಂಬಕ್ಕೆ ಕಟ್ಟಿದ ಒಂದು ಬಟ್ಟೆಯ ಚೀಲ ಇತ್ತು. ಮತ್ತೆ ಒಂದು ಕಟ್ಟಳೆ ಇತ್ತು.

ಬಂದವರೆಲ್ಲ ಒಂದೇ ಸುತ್ತಿನಲ್ಲಿ ಬರಬೇಕು. ರನ್‌ವೇಯನ್ನು ಎಡಕ್ಕೆ ಇಟ್ಟುಕೊಂಡು ಅದರ ಪಕ್ಕದಲ್ಲೇ ಹಾರಿ, ಎಡಕ್ಕೆ ಹೊರಳಿ, ಮತ್ತೆ ಎಡಕ್ಕೆ ಹೊರಳಿ ಇಳಿಯಬೇಕು. ಮುಂದಿದ್ದವನು ಮೊದಲು. ತಾನೆಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಹೇಳುತ್ತಿರಬೇಕು. ರೇಡಿಯೋ ಇಲ್ಲದವನೂ ಬರಬಹುದು. ಅವನು ಕಣ್ಣಿನಿಂದ ನೋಡಿಕೊಂಡು ಸಾಲಿಗೆ ಸೇರಬೇಕು.

ಒಂದು ದಿನ ಒಬ್ಬ ವ್ಯಾಪಾರಿ ತನ್ನ ವಿಮಾನ ಹಾರಿಸಿಕೊಂಡು ಆ ಸುತ್ತಿನೊಳಕ್ಕೆ ಬಂದ. ಅವನ ಹಿಂದೆ ಇನ್ನೊಂದು ವಿಮಾನದಲ್ಲಿ ಒಬ್ಬ ವೈದ್ಯ ಬಂದ. ವ್ಯಾಪಾರಿಯ ತಾಯಿಯನ್ನು ಬದುಕಿಸಿದ್ದು ಇದೇ ವೈದ್ಯ. ರೇಡಿಯೋದಲ್ಲಿ ಅವನ ದನಿ ಕೇಳಿದ್ದೇ ವ್ಯಾಪಾರಿ ಸೀಟಿನಲ್ಲೇ ನೆಟ್ಟಗೆ ಕೂತ.

“ಡಾಕ್ಟ್ರೇ, ನೀವಾ! ನಿಮ್ಮನ್ನ ಹಿಂದೆ ಹಾಕಿ ನಾನು ಇಳಿಯೋದಾ? ನೀವು ಮೊದಲು ಇಳೀರಿ.”

“ಬಿಡಿ ಸಾಹುಕಾರ್ರೇ. ಸರದಿ ನಿಮ್ದು.”

“ನಮ್ಮವ್ವಂಗೆ ಗೊತ್ತಾದ್ರೆ ನನಗೆ ಅನ್ನ ಹಾಕಲ್ಲ. ಇಳೀರಿ ಅಂದ್ರೆ ಇಳೀರಿ.”

ಹೀಗೆಂದು ವ್ಯಾಪಾರಿ ಸಾಲು ಬಿಟ್ಟು ಬಲಕ್ಕೆ ಹೊರಳಿದ. ಒಂದು ಗಿರಕಿ ಹೊಡೆದು ವೈದ್ಯನ ಹಿಂದೆ ಬಂದು ಸೇರಿದ. ಅವನಿಗೆ ಸಂತೋಷವಾಯಿತು.

ವೈದ್ಯನಿಗೆ ಸಂಕೋಚವಾಯಿತು.

“ಇದು ಚೆನ್ನಾಗಿರಲ್ಲ ಸಾಹುಕಾರ್ರೇ. ಡಾಕ್ಟ್ರಿಗೆ ಸೊಕ್ಕು ಅಂತಾರೆ ಜನ. ನೀವೇ ಇಳೀರಿ.”

ಅವನೂ ಬಲಕ್ಕೆ ಹೊರಳಿ ಗಿರಕಿ ಶುರುಮಾಡಿದ. ರೇಡಿಯೋದಲ್ಲಿ ಇಬ್ಬರೂ ನಕ್ಕರು. ಕೇಳುತ್ತಿದ್ದದ್ದು ಇಬ್ಬರದ್ದೇ ದನಿ. ಆಕಾಶದಲ್ಲಿ ಇರುವುದು ತಾವಿಬ್ಬರೇ ಎಂದುಕೊಂಡರು.

ಅಷ್ಟರಲ್ಲಿ ಅವರ ಹಿಂದೆ ಒಬ್ಬ ರೈತ ಬಂದು ಸೇರಿದ್ದ. ಬೆಳೆಗೆ ಔಷಧಿ ಹೊಡೆಯುವ ಹಳೆಯ ವಿಮಾನ ಅವನದು. ಅದರಲ್ಲಿ ರೇಡಿಯೋ ಇರಲಿಲ್ಲ. ಮುಂದೆ ಎರಡು ವಿಮಾನ ಸಾಲಾಗಿ ಹೋಗುವುದನ್ನು ಅವನು ನೋಡಿದ್ದ. ಇವರಿಬ್ಬರು ಇಳಿಯುತ್ತಾರೆ, ಆಮೇಲೆ ನಾನು ಎಂದುಕೊಂಡಿದ್ದ. ಪೆಟ್ರೋಲು ತಳಕ್ಕೆ ಬಂದಿತ್ತು. ಒಂದು ಸಲ ಇಳಿಯಲು ಸಾಕು, ಎರಡನೇ ಸಲಕ್ಕೆ ಸಾಲದು. ಆದರೂ ಅವನಿಗೆ ಚಿಂತೆ ಇರಲಿಲ್ಲ. ಕೆಳಗೆ ಬೇಲಿಯ ಹತ್ತಿರ ಹೆಂಡತಿ ಬುತ್ತಿ ತಂದು ನಿಂತಿದ್ದಳು. ಅವಳ ಸೀರೆಯ ಬಣ್ಣ ಮೇಲಿನಿಂದಲೇ ಕಾಣುತ್ತಿತ್ತು.

ವೈದ್ಯ ಗಿರಕಿ ಮುಗಿಸಿ ಸಾಲಿಗೆ ನುಗ್ಗಿದ. ಖಾಲಿ ಇದೆ ಎಂದು ಅವನು ತಿಳಿದ ಜಾಗದಲ್ಲಿ ರೈತ ಇದ್ದ.

ರೈತನಿಗೆ ಯೋಚಿಸಲು ಹೊತ್ತಿರಲಿಲ್ಲ. ವಿಮಾನದ ಮೂತಿಯನ್ನು ಕೆಳಗೆ ಒತ್ತಿದ. ವೈದ್ಯನ ಚಕ್ರಗಳು ಅವನ ನೆತ್ತಿಯ ಮೇಲೆ ಹಾದುಹೋದವು. ಏನೋ ನೆರಳು ಸರಿದಂತಾಯಿತು ವೈದ್ಯನಿಗೆ. ಹದ್ದು ಎಂದುಕೊಂಡ.

ರೈತ ಬಹಳ ಕೆಳಗೆ ಬಂದುಬಿಟ್ಟಿದ್ದ. ರನ್‌ವೇ ಎಟುಕುವುದಿಲ್ಲ. ಮತ್ತೆ ಏರಿ ಸುತ್ತು ಬರಲು ಪೆಟ್ರೋಲಿಲ್ಲ. ಎದುರಿಗೆ ಸಿಕ್ಕ ಹುರುಳಿ ಹೊಲಕ್ಕೆ ಇಳಿಸಿದ. ವಿಮಾನ ಕುಪ್ಪಳಿಸಿತು. ಒಂದು ಚಕ್ರ ಕಳಚಿಕೊಂಡು ತನ್ನ ಪಾಡಿಗೆ ತಾನು ಓಡಿಹೋಯಿತು. ವಿಮಾನ ವಾಲಿಕೊಂಡು ನಿಂತಿತು.

ಹೆಂಡತಿ ಬುತ್ತಿಯನ್ನು ಬಿಟ್ಟು ಓಡಿದಳು. ರೈತ ಹೊರಗೆ ಬಂದ. ಅವಳು ಅವನ ತಲೆ ಮುಟ್ಟಿ ನೋಡಿದಳು. ಕೈ ನೋಡಿದಳು. ಕಾಲು ನೋಡಿದಳು. ಮತ್ತೆ ಒಂದು ಸಲ ಮುಖ ಮುಟ್ಟಿದಳು. ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ಬೈಯಲು ಶುರುಮಾಡಿದಳು.

“ರೇಡಿಯೋ ಒಂದು ಹಾಕಿಸ್ಕೊಳ್ರೀ ಅಂತ ಎಷ್ಟು ಸಲ ಬಡ್ಕೊಂಡೆ. ಮೂಕಪ್ಪ ಇದ್ದಂಗೆ ಇರ್ತೀರಿ.”

“ಮನೇಲೂ ಮಾತಾಡೋಕೆ ಬಿಡಲ್ಲ ನೀನು. ನನಗ್ಯಾಕೆ ರೇಡಿಯೋ?” ಎಂದ ರೈತ.

ಅವಳು ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ರನ್‌ವೇ ಕಡೆ ನಡೆದಳು.

ವ್ಯಾಪಾರಿಯೂ ವೈದ್ಯನೂ ಅಷ್ಟು ಹೊತ್ತಿಗೆ ಇಳಿದಿದ್ದರು. ಬೇಲಿಗೆ ಇದ್ದದ್ದು ಒಂದೇ ಗೇಟು. ಅದರ ಮುಂದೆ ಇಬ್ಬರೂ ನಿಂತಿದ್ದರು.

“ನೀವು ನಡೀರಿ ಡಾಕ್ಟ್ರೇ.”

“ಛೇ ಛೇ, ನೀವು ನಡೀರಿ.”

ಅವಳು ಸೊಂಟದ ಮೇಲೆ ಕೈ ಇಟ್ಟು ನೋಡಿದಳು. “ಮ್ಯಾಲೆ ಯಾಕೆ ಹಂಗೆ ಗಿರಗಿರ ತಿರುಗ್ತಿದ್ರಿ ಅಂತ ಈಗ ಗೊತ್ತಾಯ್ತು ಕಣ್ರಪ್ಪಾ,” ಎಂದಳು. ಹುರುಳಿ ಹೊಲದ ಕಡೆ ಕೈ ತೋರಿಸಿದಳು.

ಇಬ್ಬರೂ ನೋಡಿದರು. ವೈದ್ಯನಿಗೆ ಆ ನೆರಳು ಯಾವುದೆಂದು ತಿಳಿಯಿತು. ಕೈ ಮುಗಿದ.

“ತಾಯಿ, ಒಬ್ಬರಿಗೊಬ್ಬರು ಗೌರವ ಕೊಡೋಕೆ ಹೋದ್ವಿ. ಅಷ್ಟೇ.”

“ಕೊಟ್ರಿ. ಹಿಂದೆ ಇದ್ದೋರ ಜೀವ ತೆಗೆದು ಕೊಟ್ರಿ. ನಿಮ್ಮ ಗಂಟೇನು ಹೋಗ್ತಿತ್ತು?”

ಅವಳು ಅವರಿಬ್ಬರ ನಡುವೆ ನುಗ್ಗಿ ಗೇಟು ದಾಟಿ ಹೋದಳು. ಚಕ್ರ ಹುಡುಕಲು ಅವರೂ ಹೋದರು. ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಹಳ್ಳದಲ್ಲಿ ಸಿಕ್ಕಿತು. ಆಮೇಲೆ ಆ ಬುತ್ತಿಯನ್ನೇ ಬಿಚ್ಚಿ ಎಲ್ಲರೂ ಉಂಡರು. ಮೊದಲ ತುತ್ತು ಯಾರಿಗೆ ಎಂದು ಅವಳೇ ತೀರ್ಮಾನ ಮಾಡಿದಳು. ಯಾರೂ ಎದುರಾಡಲಿಲ್ಲ.

ಇಂದುಧರ ನಕ್ಕ. ಬಹಳ ಹೊತ್ತು ನಕ್ಕ.

“ಅಂದರೆ ನನ್ನ ಸರದಿಯಲ್ಲಿ ನಾನು ಇಳಿಯುವುದೂ ಒಂದು ಮರ್ಯಾದೆಯೇ,” ಎಂದ.

“ಇಳಿದು ಬೇಗ ರನ್‌ವೇ ಬಿಟ್ಟು ಸರಿಯುವುದು ಇನ್ನೂ ದೊಡ್ಡ ಮರ್ಯಾದೆ. ಕಾಲಿಗೆ ಬೀಳಬೇಕು ಅನ್ನಿಸಿದರೆ ಆಮೇಲೆ ಬೀಳು. ಕಾಲು ಕೆಳಗೇ ಇರುತ್ತದೆ.”

ಇಂದುಧರನಿಗೆ ಇನ್ನೂ ಒಂದು ಮಾತು ಉಳಿದಿತ್ತು.

“ಆದರೆ ನಿನ್ನೆ ಮೇಲೆ ನಾವಿಬ್ಬರೇ ಇದ್ದೆವಲ್ಲ ಗುರುಗಳೇ. ರೇಡಿಯೋದಲ್ಲಿ ಮೂರನೆಯ ದನಿ ಕೇಳಲಿಲ್ಲ.”

“ಅವರಿಗೂ ಕೇಳಿರಲಿಲ್ಲ,” ಎಂದರು ಗುರುಗಳು.