ಮೋಡ ಕೇಳಿದ ಬೆಲೆ

ಜನವರಿ ಹನ್ನೊಂದು. ಬಿಸಿಲಿತ್ತು, ಮೂಡಣ ಗಾಳಿ ಮಾತ್ರ ಚಳಿ ಹೊತ್ತು ಬೀಸುತ್ತಿತ್ತು.

ಅಂದು ಹಟ್ಟಿಯಲ್ಲಿ ಬೀಜದ ಟಗರು ಆರಿಸುವ ದಿನ. ಮಾಳಕ್ಕ ತನ್ನ ಮರಿ ಬೂದನನ್ನು ತಬ್ಬಿ ನಿಂತಿದ್ದಳು. ದಿನವೂ ತನ್ನ ರೊಟ್ಟಿಯಲ್ಲಿ ಪಾಲು ಕೊಟ್ಟು ಸಾಕಿದ್ದಳು. ಬೆನ್ನು ಸವರಿದರೆ ಮೂಳೆ ಸಿಗದಷ್ಟು ಕೊಬ್ಬಿದ್ದ. ಅವನನ್ನೇ ಆರಿಸುತ್ತಾರೆಂದು ಅವಳ ಆಸೆ. ತಾತ ಸಣ್ಣೀರಪ್ಪ ಬೂದನ ತಾಯಿಯ ಉಣ್ಣೆ ಬಿಡಿಸಿ ನೋಡಿದ. ಸುಮ್ಮನೆ ಮುಂದೆ ಹೋಗಿ ಒಂದು ಬಡಕಲು ಕರಿಮರಿಯನ್ನು ಹಿಡಿದ.

"ಅದಾ? ಗಾಳಿಗೆ ಹಾರಿ ಹೋಗ್ತದೆ, ತಾತಾ!"

"ನಿನ್ನ ಬೂದ ಹಾರಲ್ಲ ಬಿಡು, ಉರುಳ್ತಾನೆ. ಬಾ, ಕೂತ್ಕೋ."

ತಾತ ಹೇಳತೊಡಗಿದ.

ಲೋಕ ಇನ್ನೂ ಎಳೆಯದಾಗಿದ್ದಾಗ ಮೊದಲ ಕುರಿ ಬರಿಮೈಯಲ್ಲಿ ತಿರುಗುತ್ತಿತ್ತು. ಹೊಟ್ಟೆಯಲ್ಲಿ ಮರಿ, ಎದುರಿಗೆ ಮಾಗಿಚಳಿ.

"ಹುಲ್ಲೇ, ಹುಲ್ಲೇ, ನನ್ನ ಮರಿಗೆ ಕೊಬ್ಬು ಕೊಡು."

"ತಿಂದವರಿಗೆ ಕೊಡ್ತೀನಿ. ಮರಿ ಹುಟ್ಟಿ, ತಾನೇ ಬಂದು ಮೇಯಲಿ," ಎಂದಿತು ಹುಲ್ಲು.

"ಬಂಡೆಯೇ, ಬಂಡೆಯೇ, ನನ್ನ ಮರಿಗೆ ಎತ್ತರ ಕೊಡು."

"ಅರ್ಧ ನಿನ್ನ ಮೂಳೆಯಿಂದ ದಾಟಿಸ್ತೀನಿ. ಉಳಿದರ್ಧ ಮೇದು ಬೆಳೀಲಿ," ಎಂದಿತು ಬಂಡೆ.

ಕುರಿ ತಲೆಯೆತ್ತಿತು. "ಮೋಡವೇ, ಮೋಡವೇ, ನನ್ನ ಮರಿಗೆ ಹೊದಿಕೆ ಕೊಡು. ಅದರ ಮರಿಗೂ ಕೊಡು."

"ಕೊಡ್ತೀನಿ. ತಾಯಿಂದ ಮರಿಗೆ ಇಳೀತಾ ಹೋಗ್ತದೆ. ಆದರೆ ನೀನು ಕೊಡೋ ಬೆಲೆಯನ್ನ ನಿನ್ನ ಕುಲವೆಲ್ಲ ಕೊಡಬೇಕು," ಎಂದಿತು ಮೋಡ.

ಹೊಟ್ಟೆಯೊಳಗೆ ಮರಿ ಒದೆಯಿತು. ಕುರಿ ಒಪ್ಪಿತು. ಆ ಮಾಗಿಯಲ್ಲಿ ಮರಿ ಗುಂಗುರು ಉಣ್ಣೆ ಹೊದ್ದೇ ಹುಟ್ಟಿತು.

ಮಾಳಕ್ಕ ಬೂದನ ಉಣ್ಣೆಯೊಳಗೆ ಬೆರಳಾಡಿಸಿದಳು. ತಾಯಿಯ ಉಣ್ಣೆಯಂತೆಯೇ ತೆಳು, ಒರಟು. ಕರಿಮರಿಯ ಉಣ್ಣೆಯಲ್ಲಿ ಬೆರಳು ಮುಳುಗಿತು.

"ಹಂಗಾದ್ರೆ ನಾನು ಹಾಕಿದ ರೊಟ್ಟಿ?"

"ಎಲ್ಲೂ ಹೋಗಿಲ್ಲವ್ವಾ, ಅವನ ಮೈಯಲ್ಲೇ ಇದೆ. ಅವನ ಮರಿಗೆ ಇಳಿಯಲ್ಲ ಅಷ್ಟೆ."

ಅವಳು ಮಡಿಲಲ್ಲಿದ್ದ ರೊಟ್ಟಿಯನ್ನು ಎರಡು ಮಾಡಿ, ಒಂದು ತುಂಡನ್ನು ಕರಿಮರಿಯ ಮುಂದೆ ಹಿಡಿದಳು.

"ಕುರಿ ಏನು ಕೊಡ್ತು, ತಾತಾ?"

"ಅದರ ಬಾಯಿ ಬಿಡಿಸಿ ನೋಡು."

ಕೆಳಗೆ ಅಕ್ಕಿಕಾಳಿನಂಥ ಹಲ್ಲುಗಳು. ಮೇಲೆ, ಮುಂದುಗಡೆ, ಬರೀ ನುಣ್ಣನೆಯ ವಸಡು.

ಮೊದಲ ಕುರಿ ಅವನ್ನು ಮೋಡಕ್ಕೆ ಕೊಟ್ಟ ಅಂದಿನಿಂದ ಕುರಿಗಳಿಗೆ ಮೇಲಿನ ಮುಂದಿನ ಹಲ್ಲುಗಳಿಲ್ಲ. ಮೋಡ ಆ ಹಲ್ಲುಗಳನ್ನು ಕಟಕಟ ಕಡಿಯುವಾಗ ಒಂದೆರಡು ಉದುರಿ ಅಂಗಳಕ್ಕೆ ಬೀಳುತ್ತವೆ. ಅವನ್ನೇ ನಾವು ಆಲಿಕಲ್ಲು ಎಂದು ಆಯ್ದುಕೊಳ್ಳುತ್ತೇವೆ.